ಫರಸಿ ಕಲ್ಲಿನ ಸೀಮೆಯಲ್ಲಿ ಹಸಿರು ತೊಟ್ಟಿ

ಚಿಂಚೋಳಿ ತಾಲೂಕಿನ ಚಂದ್ರಂಪಳ್ಳಿ ಜಲಾಶಯ ನೋಡಿ ಬಂದವರಿಗೆ ಅಂಥದ್ದೊಂದು ಹಸಿರು ನೀರು ಮನೆಯಲ್ಲೂ ಇರಲಿ ಅನ್ನಿಸುವುದು ಸಹಜ. ನಮಗೂ ಅನ್ನಿಸಿತ್ತು. ಆದರೆ ಆ ಕಾಡು 2011ರಿಂದ ವನ್ಯಜೀವಿ ಧಾಮ. ಅಲ್ಲಿಂದ ಗಿಡವನ್ನಾಗಲಿ ಕಲ್ಲನ್ನಾಗಲಿ ಅನುಮತಿ ಇಲ್ಲದೆ ತರುವಂತಿಲ್ಲ. ಹಾಗಾಗಿ ಅಂಗಡಿಯಿಂದಲೇ ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್ ಗಿಡ ತಂದು ಎರಡಡಿ ಗಾಜಿನ ತೊಟ್ಟಿಯಲ್ಲಿ ನೆಟ್ಟೆವು, ಗಪ್ಪಿ ಮೀನು ಬಿಟ್ಟೆವು. ಈ ಮೂರೂ ನಮ್ಮ ಗಡಸು ನೀರಿಗೆ ಹೊಂದಿಕೊಳ್ಳುತ್ತವೆ.

ಸುದ್ದಿಗೆ ಇಷ್ಟು ಎಂದು ರೊಕ್ಕ ಎಣಿಸುವ ನಮ್ಮಂಥ ಸ್ಟ್ರಿಂಗರ್‌ಗಳಿಗೆ ದುಬಾರಿ ಫಿಲ್ಟರ್ ಆಗದ ಮಾತು. ಅಗ್ಗದ ಫಿಲ್ಟರ್ ಒಂದನ್ನು ಬಿಚ್ಚಿ ನಮಗೆ ಬೇಕಾದಂತೆ ಮಾಡಿಕೊಂಡೆವು.

ಫಿಲ್ಟರ್ ಎಂದರೆ ಕಸ ಹಿಡಿಯುವ ಜರಡಿ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದರ ದೊಡ್ಡ ಕೆಲಸ ಬೇರೆ. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ. ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಗಿಡಕ್ಕೆ ಗೊಬ್ಬರ. ಈ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಎಲ್ಲ ಸುಣ್ಣದ ಕಲ್ಲಿನ ನೆಲ. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಅದಕ್ಕೇ. ಬೋರ್‌ವೆಲ್ ನೀರು ಕಾಯಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಪದರ ಕೂಡುತ್ತದೆ. ಇಂಥ ಕ್ಷಾರದ ನೀರಿನಲ್ಲಿ ಅಮೋನಿಯಾದ ವಿಷ ಇನ್ನೂ ಹೆಚ್ಚು. ಅದಕ್ಕೇ ನಮ್ಮ ಕಡೆ ಫಿಲ್ಟರ್‌ನ ಜೀವ ಕಾಯುವುದೇ ಮೀನಿನ ಜೀವ ಕಾಯುವುದು.

ನಾವು ಮಾಡಿದ್ದು ಇಷ್ಟು. ಒಳಗಿದ್ದ ಇದ್ದಿಲಿನ ಚೀಲ ತೆಗೆದೆವು. ಅದು ಕೆಲ ವಾರಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ, ಗಿಡದ ದ್ರವ ಗೊಬ್ಬರವನ್ನೂ ಹೀರಬಹುದು. ಆ ಜಾಗಕ್ಕೆ ಒರಟು ಸ್ಪಂಜು, ಒಡೆದ ಮಣ್ಣಿನ ಗಡಿಗೆಯ ಚೂರು, ಆಮೇಲೆ ನುಣುಪು ಸ್ಪಂಜು ತುಂಬಿದೆವು. ಬಣ್ಣ ಹಚ್ಚದ ಗಡಿಗೆಯೇ ಆಗಬೇಕು. ಅದರ ಸಣ್ಣ ತೂತುಗಳೇ ಬ್ಯಾಕ್ಟೀರಿಯಾದ ಮನೆ.

ಮನೆ ಮುಂದೆ ಬಿದ್ದ ಫರಸಿ ಚೂರು ಮಾತ್ರ ಹಾಕಬೇಡಿ. ಅದು ನಿಧಾನಕ್ಕೆ ಕರಗಿ ನೀರನ್ನು ಮತ್ತಷ್ಟು ಗಡಸು ಮಾಡುತ್ತದೆ. ಯಾವುದೇ ಕಲ್ಲಿನ ಮೇಲೆ ಅನುಮಾನ ಬಂದರೆ ವಿನೆಗರ್ ಹನಿಸಿ ನೋಡಿ. ಬುರುಗು ಬಂದರೆ ಅದು ಸುಣ್ಣದ ಕಲ್ಲು.

ನೀರು ಹೊರಬರುವ ಬಾಯಿಗೆ ಹೊಲದ 16 ಮಿ.ಮೀ. ಡ್ರಿಪ್ ಪೈಪಿನ ತುಂಡು ಜೋಡಿಸಿ, ಕೊನೆ ಮುಚ್ಚಿ, ಕಾಸಿದ ಮೊಳೆಯಿಂದ ಸಾಲಾಗಿ ತೂತು ಮಾಡಿದೆವು. ಧಾರೆ ಒಂದೇ ಕಡೆ ನುಗ್ಗದೆ ಹರಡುತ್ತದೆ, ಬೇರು ಕೀಳುವುದಿಲ್ಲ. ಪೈಪು ನೀರಿನ ಮಟ್ಟಕ್ಕಿಂತ ತುಸು ಕೆಳಗಿರಲಿ. ಮೇಲೆ ಜೋರಾಗಿ ಚಿಮ್ಮಿದರೆ ಗಿಡಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡ್ ಹಾರಿ ಹೋಗುತ್ತದೆ. ನೀರು ಎಳೆಯುವ ಬಾಯಿಗೂ ಸ್ಪಂಜು ಸುತ್ತಿದರೆ ಮರಿಗಳು ಒಳಗೆ ಸಿಲುಕುವುದಿಲ್ಲ. ಕೈ ಹಾಕುವ ಮೊದಲು ಪ್ಲಗ್ ಕೀಳುವುದನ್ನು ಮರೆಯಬೇಡಿ.

ನಮ್ಮ ಓಣಿಯ ಹುಡುಗನೊಬ್ಬ ಸ್ಪಂಜನ್ನು ಸೋಪು ಹಚ್ಚಿ ನಳದ ನೀರಲ್ಲಿ ತೊಳೆದ. ನಾಲ್ಕು ದಿನದಲ್ಲಿ ಮೀನೆಲ್ಲ ತೇಲಿದವು. "ನೀರಾಗಿನ ಜೀವ ಹಿಡದು ಕೂಡಿಸಬ್ಯಾಡಂದ್ರ ಕೇಳಲಿಲ್ಲಲ್ಲೋ" ಎಂದು ಅವನ ಅಜ್ಜಿ ಬೈದಳು. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸೋಪಿಗೂ ಬ್ಲೀಚಿಂಗ್ ಪೌಡರ್ ಬೆರೆತ ನೀರಿಗೂ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ತೊಟ್ಟಿಯ ನೀರನ್ನೇ ಬಕೆಟ್‌ಗೆ ತೆಗೆದು ಅದರಲ್ಲಿ ಹಿಂಡಿದರೆ ಸಾಕು. ಈಗ ಅವನ ಹೊಸ ಫಿಲ್ಟರ್‌ಗೆ ನಮ್ಮ ಹಳೆಯ ಸ್ಪಂಜಿನ ತುಂಡು ಕೊಟ್ಟಿದ್ದೇವೆ, ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ಇನ್ನು ಕರೆಂಟಿನ ಕಥೆ. ತಾಸುಗಟ್ಟಲೆ ಹೋದರೆ ಮುಚ್ಚಿದ ಫಿಲ್ಟರ್‌ನೊಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ನಾವು ಸ್ಪಂಜನ್ನು ಹೊರತೆಗೆದು ತೊಟ್ಟಿಯಲ್ಲೇ ತೇಲಿಬಿಡುತ್ತೇವೆ, ಆಗಾಗ ಚೊಂಬಿನಿಂದ ನೀರು ಎತ್ತಿ ಹೊಯ್ಯುತ್ತೇವೆ. ಗಿಡ ದಟ್ಟವಾಗಿದ್ದರೆ ಅಪಾಯ ಕಡಿಮೆ. ಗಿಡಗಳು ಅಮೋನಿಯಾವನ್ನು ನೇರವಾಗಿಯೇ ಹೀರುತ್ತವೆ ಎಂಬುದನ್ನು ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ.

ಕೊನೆಯದಾಗಿ, ತೊಟ್ಟಿ ಸಾಕಾಯಿತೆಂದು ಮೀನು, ಗಿಡಗಳನ್ನು ಹಳ್ಳಕ್ಕೋ ಡ್ಯಾಮಿಗೋ ಬಿಡಬೇಡಿ. ಅಂತರಗಂಗೆ ಕೆರೆಗಳನ್ನು ಮುಚ್ಚಿದ್ದನ್ನು ನೋಡಿದ್ದೀರಿ. ತೊಟ್ಟಿಯ ಪಾಚಿ ತಿನ್ನಲೆಂದು ಮಾರುವ ಸಕರ್ ಮೀನು ಆಂಧ್ರ, ತೆಲಂಗಾಣದ ನೀರಿನಲ್ಲಿ ಹರಡಿ ಮೀನುಗಾರರ ಬಲೆ ಹರಿಯುತ್ತಿದೆ. ಚಂದ್ರಂಪಳ್ಳಿ ನೀರು ನಂಬಿದ ಹೊಲಗಳಿವೆ. ಕತ್ತರಿಸಿದ ಗಿಡವನ್ನು ನಾವು ಬಿಸಿಲಿಗೆ ಒಣಗಿಸಿ ತಿಪ್ಪೆಗೆ ಹಾಕುತ್ತೇವೆ. ಬದಲಾಯಿಸಿದ ನೀರು ಅಂಗಳದ ಕರಿಬೇವಿಗೆ ಹೋಗುತ್ತದೆ.