ಜೂನ್ 25ರ ಹಾಳೆ

ನಮ್ಮ ಮಲೆನಾಡಿನ ಮನೆಯ ನಡುಮನೆ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇರುತ್ತಿತ್ತು. ಬೆಳಿಗ್ಗೆ ಎದ್ದು ನಿನ್ನೆಯ ಹಾಳೆ ಹರಿಯುವುದು ಯಾರೆಂದು ನಾವು ಮಕ್ಕಳು ದಿನವೂ ಜಗಳವಾಡುತ್ತಿದ್ದೆವು. ಹರಿದ ಹಾಳೆ ಅಜ್ಜಿಯ ಕೈಯಲ್ಲಿ ಕುಂಕುಮದ ಪೊಟ್ಟಣವಾಗುತ್ತಿತ್ತು, ಇಲ್ಲವಾದರೆ ಬಚ್ಚಲೊಲೆ ಸೇರುತ್ತಿತ್ತು. ಒಂದೇ ಒಂದು ಹಾಳೆಗೆ ಆ ಗತಿ ಬರಲಿಲ್ಲ. 1983ರ ಜೂನ್ 25, ಶನಿವಾರ. ಮರುದಿನ ಚಿಕ್ಕಪ್ಪ ಅದನ್ನು ತಾನೇ ಮೆಲ್ಲಗೆ ಬಿಡಿಸಿ, ಬೆನ್ನಿಗೆ ನೀಲಿ ಶಾಯಿಯಲ್ಲಿ ಮೂರು ಅಂಕಿ ಬರೆದ. 183, 140, 43. ಆಮೇಲೆ ಅದನ್ನು ಹಳೆಯ ಪಂಚಾಂಗವೊಂದರ ನಡುವೆ ಇಟ್ಟ.

ಅಂದು ಲಾರ್ಡ್ಸ್‌ನಲ್ಲಿ ಭಾರತಕ್ಕೂ ವೆಸ್ಟ್ ಇಂಡೀಸಿಗೂ ವಿಶ್ವಕಪ್ ಫೈನಲ್. ನಮ್ಮಲ್ಲಿ ಆಗ ಆರಿದ್ರಾ ಮಳೆ ಹಿಡಿದಿತ್ತು. ಊರಲ್ಲಿ ಟಿವಿ ಇರಲಿಲ್ಲ. ಇದ್ದದ್ದು ಜಗಲಿಯ ಮೇಲಿನ ರೇಡಿಯೊ. ಬಿಸಿಲು ಕಂಡು ವಾರವಾಗಿದ್ದರಿಂದ ಅದರ ಸೆಲ್ಲುಗಳನ್ನು ಚಿಕ್ಕಪ್ಪ ಬಚ್ಚಲೊಲೆಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿ ಬೆಚ್ಚಗೆ ಮಾಡಿದ್ದ. ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಅಕ್ಕಪಕ್ಕದವರು ಕಂಬಳಿ ಕೊಪ್ಪೆ ಹಾಕಿಕೊಂಡು ಬಂದು ಜಗಲಿ ತುಂಬಿದರು. ಅವರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಬಾರದು, ಹಿಂದಿಯೂ ಅಷ್ಟಕ್ಕಷ್ಟೆ. ಚಿಕ್ಕಪ್ಪನೇ ರೇಡಿಯೊಗೆ ಕಿವಿಯಿಟ್ಟು, ಕೇಳಿದ್ದನ್ನು ಕನ್ನಡ ಮಾಡಿ ಹೇಳುತ್ತಿದ್ದ. ರಾಬರ್ಟ್ಸ್ ಚೆಂಡಿಗೆ ಶ್ರೀಕಾಂತ್ ಒಂದು ಮೊಣಕಾಲು ನೆಲಕ್ಕೂರಿ ಬೌಂಡರಿ ಬಾರಿಸಿದಾಗ, ಚಿಕ್ಕಪ್ಪ ತಾನೂ ಜಗಲಿಯಲ್ಲಿ ಮೊಣಕಾಲೂರಿ ಕೊಡೆ ಬೀಸಿ ತೋರಿಸಿದ್ದ. ಶ್ರೀಕಾಂತ್ ಹೊಡೆದ 38ಕ್ಕಿಂತ ಹೆಚ್ಚು ರನ್ನು ಆ ದಿನ ಎರಡೂ ತಂಡಗಳಲ್ಲಿ ಯಾರೂ ಮಾಡಲಿಲ್ಲ. 60 ಓವರುಗಳ ಆಟ, ನಮ್ಮವರು 54.4 ಓವರಿಗೇ 183ಕ್ಕೆ ಆಲೌಟ್. ಕೊನೆಯ ಜೋಡಿ, ನಮ್ಮ ಕಿರ್ಮಾನಿ ಮತ್ತು ಸಂಧು, ಸೇರಿಸಿದ 22 ರನ್ನೂ ಇರದಿದ್ದರೆ ಏನಾಗುತ್ತಿತ್ತೋ. ಅಜ್ಜ ಎದ್ದು, ‘ಇದು ಸಾಲುವುದಿಲ್ಲ ಮಾರಾಯ’ ಎಂದು ಕೊಟ್ಟಿಗೆ ಕಡೆ ನಡೆದುಬಿಟ್ಟ.

ರಾತ್ರಿ ಊಟ ಯಾರಿಗೂ ನೆನಪಾಗಲಿಲ್ಲ. ಲಾಟೀನು ಬೆಳಕಲ್ಲಿ ಹಲಸಿನ ಹಪ್ಪಳ ಕೈಯಿಂದ ಕೈಗೆ ಹೋಗುತ್ತಿತ್ತು. ವಿವ್ ರಿಚರ್ಡ್ಸ್ 28 ಚೆಂಡಿನಲ್ಲಿ 33 ರನ್ ಬಾರಿಸಿದಾಗ ಜಗಲಿ ಮಾತು ಮರೆತಿತ್ತು. ಮದನ್ ಲಾಲ್ ಎಸೆದ ಚೆಂಡನ್ನು ಅವನು ಎತ್ತಿ ಹೊಡೆದ. ಸರಿಯಾಗಿ ಆಗಲೇ ರೇಡಿಯೊ ಗರಗರ ಎಂದಿತು. ಚಿಕ್ಕಪ್ಪ ಕಣ್ಣು ಮುಚ್ಚಿ ಕೈಯೆತ್ತಿ ಹೇಳುತ್ತಿದ್ದ: ‘ಕಪಿಲ್ ಓಡ್ತಾ ಇದಾನೆ, ಹಿಂದಕ್ಕೆ ಓಡ್ತಾ ಇದಾನೆ, ಇನ್ನೂ ಓಡ್ತಾ ಇದಾನೆ...’ ಆ ಓಟ ಎಷ್ಟು ಹೊತ್ತು ನಡೆಯಿತೋ. ಹೊರಗೆ ಮಳೆ, ಒಳಗೆ ನಮ್ಮೆಲ್ಲರ ಉಸಿರು. ಆಮೇಲೆ ಅಲೆಯ ಹಾಗೆ ಲಾರ್ಡ್ಸ್‌ನ ಗದ್ದಲ ತೇಲಿ ಬಂತು. ‘ಬಿತ್ತು!’ ಎಂದ ಚಿಕ್ಕಪ್ಪ.

ಅಲ್ಲಿಂದ ಮುಂದೆ ಒಂದೊಂದೇ. ಕ್ಲೈವ್ ಲಾಯ್ಡ್ ನಮ್ಮ ಬಿನ್ನಿಯ ಚೆಂಡಿಗೆ ಔಟಾದ. ಆ ಕೂಟದಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವನು ಬಿನ್ನಿಯೇ ಎಂದು ಆಮೇಲೆ ತಿಳಿದಾಗ ಮನೆಮಗನೇ ಗೆದ್ದಷ್ಟು ಹೆಮ್ಮೆ ನಮಗೆ. ಮಧ್ಯರಾತ್ರಿಯ ಸುಮಾರಿಗೆ ಅಮರನಾಥ್ ಹೋಲ್ಡಿಂಗನ್ನು ಎಲ್‌ಬಿ ಮಾಡಿದ. ಅವರು 140ಕ್ಕೆ ಆಲೌಟ್, 43 ರನ್ನುಗಳಿಂದ ಕಪ್ಪು ನಮ್ಮದು. ಕೊಟ್ಟಿಗೆಗೆ ಹೋಗಿದ್ದ ಅಜ್ಜ ಯಾವಾಗ ಬಂದು ಕಂಬಕ್ಕೊರಗಿ ಕೂತಿದ್ದನೋ ಯಾರೂ ನೋಡಿರಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು.

ಆ ನೀರಿನ ಅರ್ಥ ನನಗೆ ತಿಳಿದದ್ದು ಮರುವರ್ಷದ ಜೂನ್ 25ರಂದು. ಚಿಕ್ಕಪ್ಪ ಪಂಚಾಂಗದಿಂದ ಹಾಳೆ ತೆಗೆದು ಇಡೀ ಪಂದ್ಯವನ್ನು ಮತ್ತೊಮ್ಮೆ ಹೇಳಿ ಮುಗಿಸಿದ್ದ. ಅಜ್ಜ ಮೆಲ್ಲಗೆ, ‘ಇದೇ ತಾರೀಖು, ಇದೇ ಲಾರ್ಡ್ಸ್’ ಎಂದು ತನ್ನ ಕತೆ ತೆಗೆದ. 1932ರ ಜೂನ್ 25. ಅದೂ ಶನಿವಾರ. ಭಾರತ ಮೊಟ್ಟಮೊದಲ ಟೆಸ್ಟ್ ಆಡಲು ಇಳಿದ ದಿನ. ನಾಯಕನಾಗಿ ಹೋಗಿದ್ದ ಪೋರಬಂದರಿನ ಮಹಾರಾಜರು ಹಿಂದೆ ಸರಿದು, ತಂಡವನ್ನು ಸಿ.ಕೆ. ನಾಯುಡು ಕೈಗೆ ಕೊಟ್ಟಿದ್ದರು. ಎದುರಿಗೆ ಹೋಮ್ಸ್ ಮತ್ತು ಸಟ್‌ಕ್ಲಿಫ್; ಹತ್ತು ದಿನದ ಹಿಂದಷ್ಟೇ ಯಾರ್ಕ್‌ಷೈರ್ ಪರ ಮೊದಲ ವಿಕೆಟ್ಟಿಗೆ 555 ರನ್ ಕಲೆಹಾಕಿದ ಜೋಡಿ. ಅವರಿಬ್ಬರನ್ನೂ ಮೊಹಮ್ಮದ್ ನಿಸಾರ್ ಬೌಲ್ಡ್ ಮಾಡಿದ. ಇಂಗ್ಲೆಂಡ್ 19ಕ್ಕೆ 3! ಪಂದ್ಯ ಕೊನೆಗೆ 158 ರನ್ನುಗಳಿಂದ ಸೋತೆವು, ನಿಜ. ಆದರೆ ಬ್ರಿಟಿಷರ ಆಳ್ವಿಕೆಯಲ್ಲಿ ಹುಡುಗನಾಗಿದ್ದ ಅಜ್ಜನಿಗೆ ಆ 19ಕ್ಕೆ 3 ಎಂಬ ಮಾತೇ ಮಂತ್ರವಾಗಿತ್ತು. ಐವತ್ತೊಂದು ವರ್ಷ ಅದನ್ನು ಅವನು ಎದೆಯಲ್ಲಿಟ್ಟುಕೊಂಡಿದ್ದ.

ಅಂದಿನಿಂದ ಜೂನ್ 25 ನಮ್ಮ ಮನೆಯಲ್ಲಿ ಹಬ್ಬದ ಹಾಗೆ. ಅದೇ ತಾರೀಖಿನ ರಾತ್ರಿ, 1975ರಲ್ಲಿ, ತುರ್ತುಪರಿಸ್ಥಿತಿ ಹೇರಿದ್ದನ್ನು ದೊಡ್ಡವರು ತಗ್ಗಿದ ದನಿಯಲ್ಲಿ ನೆನೆಯುವುದೂ ಇತ್ತು. ಆಮೇಲೆ ಹಪ್ಪಳ ಸುಟ್ಟು, ಕತೆ ಶುರು. ವರ್ಷ ಕಳೆದಂತೆ ಕಪಿಲ್‌ನ ಓಟ ಸ್ವಲ್ಪ ಸ್ವಲ್ಪವೇ ಉದ್ದವಾಗುತ್ತಿತ್ತು, ನಾವು ಯಾರೂ ಬೇಡ ಅನ್ನಲಿಲ್ಲ. ಫೈನಲ್ಲಿಗೆ ಒಂದು ವಾರ ಮೊದಲು, ಜೂನ್ 18ರಂದು, ಟನ್‌ಬ್ರಿಜ್ ವೆಲ್ಸ್‌ನಲ್ಲಿ 17ಕ್ಕೆ 5 ಆಗಿದ್ದಾಗ ಕಪಿಲ್ ಆಡಿದ 175ರ ಆಟಕ್ಕೆ ದೃಶ್ಯದ ದಾಖಲೆಯೇ ಇಲ್ಲ. ಅದು ಉಳಿದಿರುವುದು ಹೇಳುವವರ ಬಾಯಲ್ಲಿ, ಕೇಳುವವರ ಕಣ್ಣಲ್ಲಿ. ನನಗಂತೂ ಅದೊಂದು ಭಾಗ್ಯ ಅನ್ನಿಸುತ್ತದೆ.

ಈಗ ಜೂನ್ 25ರ ಬೆಳಿಗ್ಗೆ ನಾನು ಕಣ್ಣು ಬಿಡುವ ಮೊದಲೇ ಫೋನು ನೆನಪಿಸಿರುತ್ತದೆ. ‘ಇತಿಹಾಸದಲ್ಲಿ ಈ ದಿನ.’ ಅದೇ ಕ್ಯಾಚ್, ಹತ್ತು ಗುಂಪುಗಳಿಂದ ಹತ್ತು ಸಲ. ಹೆಬ್ಬೆರಳು ಸರಿಸಿದರೆ ಕೆಳಗೆ ಇನ್ನೊಂದು ಪಂದ್ಯ, ಇನ್ನೊಂದು ದಾಖಲೆ. ಕ್ರಿಕೆಟ್ ಇಲ್ಲದ ದಿನವೇ ಇಲ್ಲವಾದ ಮೇಲೆ ಕ್ರಿಕೆಟ್ಟಿನ ದಿನ ಅಂತ ಒಂದು ಉಳಿಯುವುದಾದರೂ ಹೇಗೆ? ಮೊನ್ನೆ ಮೊನ್ನೆಯ ಐಪಿಎಲ್ ಪಂದ್ಯದ ತಾರೀಖು ಕೇಳಿದರೆ ನೋಡಿದವರಿಗೇ ನೆನಪಿರುವುದಿಲ್ಲ. ಹೆಸರು ಕೇಳಿದರೆ ನಾವು ನಡುಗುತ್ತಿದ್ದ ವೆಸ್ಟ್ ಇಂಡೀಸ್ 2023ರ ವಿಶ್ವಕಪ್ಪಿಗೆ ಅರ್ಹತೆಯನ್ನೂ ಪಡೆಯಲಿಲ್ಲ. ಆ ಸುದ್ದಿ ಓದಿದ ದಿನ ನನಗೆ ಗೆದ್ದ ಖುಷಿಯಾಗಲಿಲ್ಲ, ಹಳೆಯ ಮನೆ ಬಿದ್ದ ಸಂಕಟವಾಯಿತು. 2021ರಲ್ಲಿ ಆ 83ರ ತಂಡದ ಯಶ್ಪಾಲ್ ಶರ್ಮಾ ತೀರಿಕೊಂಡಾಗ ಚಿಕ್ಕಪ್ಪ ಫೋನು ಮಾಡಿ ಏನೂ ಮಾತಾಡದೆ ಇಟ್ಟುಬಿಟ್ಟಿದ್ದ.

ಚಿಕ್ಕಪ್ಪ ಈಗ ಬೆಂಗಳೂರಿನಲ್ಲಿ ಮಗನ ಫ್ಲ್ಯಾಟಿನಲ್ಲಿದ್ದಾನೆ. ಊರ ಮನೆ ಖಾಲಿ ಮಾಡುವಾಗ ಪಂಚಾಂಗದ ಕಟ್ಟು ರದ್ದಿಗೆ ಹೋಯಿತು, ಹಾಳೆಯೂ ಅದರೊಂದಿಗೆ. ಕಪಿಲ್‌ನ ಆ ಕ್ಯಾಚನ್ನು ನಾನು ಒಮ್ಮೆ ಫೋನಿನಲ್ಲಿ ತೋರಿಸಿದೆ. ನೋಡನೋಡುತ್ತಲೇ ಮುಗಿದುಹೋಯಿತು. ಅವನು ಇನ್ನೊಮ್ಮೆ ಹಾಕಿಸಿ ನೋಡಿದ. ‘ಇಷ್ಟು ಬೇಗ ಹಿಡಿದುಬಿಟ್ಟನೇನೋ?’ ಎಂದು ನನ್ನ ಮುಖ ನೋಡಿದ. ಅವನ ಕಪಿಲ್ ಇನ್ನೂ ಓಡುತ್ತಲೇ ಇದ್ದ.

ಕಾಲವನ್ನು ಪೂರಾ ದೂರುವ ಮನಸ್ಸೂ ಇಲ್ಲ. ಅಂದು ನಮ್ಮ ಜಗಲಿಯಲ್ಲಿ ಹೆಂಗಸರು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದರು. 2025ರ ನವೆಂಬರ್ 2ರ ರಾತ್ರಿ ಕಾಲೇಜಿಗೆ ಹೋಗುವ ನನ್ನ ಮಗಳು ಸೋಫಾದ ನಡುವೆ ಕೂತು ಮಹಿಳಾ ವಿಶ್ವಕಪ್ ಫೈನಲ್ ನೋಡಿದಳು. ನವಿ ಮುಂಬೈಯಲ್ಲಿ ಮಳೆ ಬಂದು ಆಟ ತಡವಾಗಿ ಶುರುವಾಗಿತ್ತು. ಮಧ್ಯರಾತ್ರಿಯ ಹೊತ್ತಿಗೆ ಕೊನೆಯ ವಿಕೆಟ್. ಚೆಂಡು ತಲೆಯ ಮೇಲಿಂದ ಹೋಗುತ್ತಿತ್ತು, ಹರ್ಮನ್‌ಪ್ರೀತ್ ಹಿಂದಕ್ಕೆ ಓಡಿ ಹಿಡಿದಳು. ನನಗೆ ಮೈ ಜುಮ್ಮೆಂದಿತು. ಮಗಳು ಅಳುತ್ತಿದ್ದಳು. ಅಷ್ಟರಲ್ಲಿ ಚಿಕ್ಕಪ್ಪನ ಫೋನು.

‘ನೋಡಿದ್ಯಾ ಪುಟ್ಟಿ, ಹಿಂದಕ್ಕೆ ಓಡಿದ್ದು?’

‘ನೋಡಿದೆ ಅಜ್ಜ!’

‘ತಾರೀಖು ಬರೆದಿಟ್ಟುಕೋ. ಮರೀಬೇಡ.’

ಅವಳು ಕಣ್ಣೊರೆಸಿಕೊಂಡು ನಮ್ಮ ಬೋಳು ಗೋಡೆಗಳ ಕಡೆ ಒಮ್ಮೆ ನೋಡಿದಳು.

‘ಎಲ್ಲಿ ಬರೀಲಿ ಅಜ್ಜ?’