ಬೆಳುಗುಪ್ಪದಲ್ಲಿ ಕಂಡ ಬರೆ

ರಾಯದುರ್ಗದಿಂದ ಪೂರ್ವಕ್ಕೆ ಹೊರಟ ಬಸ್ಸು ಶೇಂಗಾ ಹೊಲಗಳನ್ನು ದಾಟಿ ನಮ್ಮನ್ನು ಬೆಳುಗುಪ್ಪದಲ್ಲಿ ಇಳಿಸಿದಾಗ ಬಿಸಿಲು ನೆತ್ತಿಗೇರಿತ್ತು. ಇದು ಆಂಧ್ರದ ಅನಂತಪುರ ಜಿಲ್ಲೆ. ಆದರೆ ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಹೀಗಾಗಿ ಈ ಸೀಮೆಯಲ್ಲಿ ತೆಲುಗಿನ ಜೊತೆ ಕನ್ನಡವೂ ಕಿವಿಗೆ ಬೀಳುತ್ತದೆ.

ಪರಿಚಿತ ಕುಟುಂಬವೊಂದರ ಹೊಸ ಕೂಸನ್ನು ನೋಡಲು ನಾವು ಹೋಗಿದ್ದೆವು. ಬಾಗಿಲಲ್ಲಿ ಎದುರಾದ ಅಜ್ಜಿಯ ಮುಂಗೈ ತುಂಬ ಹಸಿರು ಹಚ್ಚೆ.

"ಯಾವಾಗ ಹಾಕಿಸಿದ್ದು, ಅವ್ವಾ?"

"ಮದುವೆಗೆ ಮುಂಚೆ, ಸ್ವಾಮಿ. ಸತ್ತಾಗ ಬಂಗಾರ ಬಿಚ್ಚಿಕೊಳ್ತಾರೆ. ಇದನ್ನ ಯಾರು ಬಿಚ್ಚಿಕೊಂಡಾರು?"

ಎಲ್ಲರೂ ನಕ್ಕೆವು. ಆದರೆ ತೊಟ್ಟಿಲಲ್ಲಿದ್ದ ಕೂಸಿನ ಅಂಗಿ ಸರಿದಾಗ ನಮ್ಮ ನಗು ನಿಂತಿತು. ಹೊಕ್ಕುಳಿನ ಸುತ್ತ ನಾಲ್ಕು ಸುಟ್ಟ ಗೆರೆಗಳು! ಹುಟ್ಟಿದ ಮೂರನೆಯ ದಿನ ಮೈ ಹಳದಿಯಾಯಿತಂತೆ. ಕಾಮಾಲೆಯೆಂದು ಬರೆ ಹಾಕಿಸಿದರಂತೆ. ಕನ್ನಡದಲ್ಲಿ ಬರೆ, ತೆಲುಗಿನಲ್ಲಿ ವಾತ. ಹೆಸರು ಎರಡು, ಉರಿ ಒಂದೇ.

"ಬರೆ ಹಾಕಿದ ಮೇಲೇ ಇಳೀತು, ಸ್ವಾಮಿ" ಎಂದರು ಅಜ್ಜಿ. ಕೂಸಿನ ತಾಯಿ ತಲೆ ಎತ್ತಲಿಲ್ಲ.

ಪ್ರಿಯ ಓದುಗರೇ, ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಎರಡು ಮೂರು ದಿನಗಳಲ್ಲಿ ಹಳದಿಯಾಗುತ್ತವೆ. ಬಹುಪಾಲು ಕೂಸುಗಳಿಗೆ ಒಂದೆರಡು ವಾರದಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಬರೆ ಬಿದ್ದಿದ್ದರೆ ಗುಣಪಡಿಸಿದ ಕೀರ್ತಿ ಬರೆಗೆ ಸಲ್ಲುತ್ತದೆ. ಆದರೆ ಮೊದಲ ದಿನವೇ ಹಳದಿ ಕಂಡರೆ, ಅಂಗಾಲಿನವರೆಗೂ ಹರಡಿದರೆ, ಕೂಸು ಹಾಲು ಬಿಟ್ಟರೆ ಅದು ಅಪಾಯ. ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಸುಟ್ಟ ಗಾಯಕ್ಕೆ ನಂಜೇರಿದರೆ ಜೀವಕ್ಕೇ ಕುತ್ತು. 2023ರ ಆರಂಭದಲ್ಲಿ ಮಧ್ಯಪ್ರದೇಶದ ಶಹಡೋಲ್ ಜಿಲ್ಲೆಯಲ್ಲಿ ನ್ಯುಮೋನಿಯಾ ಆಗಿದ್ದ ಎರಡು ಹೆಣ್ಣು ಕೂಸುಗಳಿಗೆ ಬರೆ ಹಾಕಿಸಲಾಗಿತ್ತು. ಎರಡೂ ಉಳಿಯಲಿಲ್ಲ.

1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ದಾದಿ ಜೀನ್ ವಾರ್ಡ್ ಒಂದು ಸಂಗತಿ ಗಮನಿಸಿದರು. ಬಿಸಿಲು ಬಿದ್ದ ಕಡೆ ಕೂಸಿನ ಚರ್ಮದ ಹಳದಿ ಇಳಿದಿತ್ತು. ಇಂದು ಆಸ್ಪತ್ರೆಗಳಲ್ಲಿ ಕೊಡುವ ನೀಲಿ ಬೆಳಕಿನ ಚಿಕಿತ್ಸೆ ಅಲ್ಲಿಂದ ಬೆಳೆದು ಬಂತು. ಅದರಲ್ಲಿ ಉರಿಯಿಲ್ಲ, ಕಲೆ ಉಳಿಯುವುದಿಲ್ಲ.

ಇದನ್ನೆಲ್ಲ ಸಾವಧಾನವಾಗಿ ಹೇಳಿದೆವು. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗನತ್ತ ನೋಡಿದರು.

"ಇವನಿಗೂ ಹಾಕಿಸಿದ್ದೆ, ಸ್ವಾಮಿ. ಹಂಗಾದರೆ ಸುಮ್ಮನೇ ಸುಟ್ಟೆನಾ?"

ನಮಗೆ ಉತ್ತರ ತೋಚಲಿಲ್ಲ. ಕೂಸು ಬದುಕಲೆಂದೇ ಅವರು ಬೆಂಕಿ ಹಿಡಿದಿದ್ದರು. ಇಂಥ ಅಜ್ಜಿಯನ್ನು ಗದರಿಸಿ ಬಂದರೆ ಅದು ಗಾಯದ ಮೇಲೆ ಬರೆ ಎಳೆದಂತೆಯೇ ಸರಿ. ಪಕ್ಕದಲ್ಲಿ ಕುಳಿತು ತಿಳಿಸಿ ಹೇಳಬೇಕು, ಅದೂ ಕೂಸು ಹುಟ್ಟುವ ಮೊದಲೇ.

ಹೊರಡುವಾಗ ಅಜ್ಜಿ ಕೂಸಿನ ಅಂಗಿಯನ್ನು ಮೆಲ್ಲನೆ ಸರಿಪಡಿಸಿದರು. ಹಚ್ಚೆಯ ಆ ಕೈ ನಡುಗುತ್ತಿತ್ತು.