ರಜೆಯ ಕಾರ್ಟೂನಿಗೆ ಒಂದು ಹೊತ್ತು

ನಾವು ನಾಲ್ವರು. ಊರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಬ್ರಾಂಚ್ ಬೇರೆ ಬೇರೆ, ಜಿಲ್ಲೆ ಒಂದೇ, ವಿಜಯಪುರ. ಕ್ಯಾಂಪಸ್ಸಿನಲ್ಲಿ ಯಾರಾದರೂ "ಓ, ಗೋಳಗುಮ್ಮಟದ ಕಡೆಯವರಾ?" ಅಂದರೆ ನಾಲ್ವರೂ ಒಟ್ಟಿಗೆ ಹೌದು ಅಂತೀವಿ. ಉಳಿದ ವಿಷಯಗಳಲ್ಲಿ ನಮ್ಮಲ್ಲಿ ಒಮ್ಮತ ಕಡಿಮೆ. ಯಾರ ಊರಿನ ಶೇಂಗಾ ಹಿಂಡಿ ಚೊಲೊ ಅನ್ನೋದರಿಂದ ಹಿಡಿದು ಎಲ್ಲದಕ್ಕೂ ಜಗಳ. ಆದರೆ ಮೊನ್ನೆ ಮೆಸ್ಸಿನಲ್ಲಿ ಕೂತಾಗ ಒಂದು ಮಾತಿಗೆ ನಾಲ್ವರೂ ತಲೆ ಆಡಿಸಿದೆವು: ಈಗ ಊರಿಗೆ ಹೋದರೆ ರಜೆಯಲ್ಲಿ ಹುಡುಗರು ಕಾರ್ಟೂನು ನೋಡೋದು ಕಾಣುತ್ತದೆ, ಆದರೆ ಕೇಳುವುದಿಲ್ಲ.

ನಮ್ಮ ಕಾಲದಲ್ಲಿ ಕೇಳುತ್ತಿತ್ತು. ನಮ್ಮ ಕಾಲ ಅಂದರೆ ಬಹಳ ಹಿಂದಿನದಲ್ಲ, 2010ರಿಂದ 2016ರ ಸುಮಾರು. ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ಮಧ್ಯಾಹ್ನ ಹೊರಗೆ ಬಿಡುತ್ತಿರಲಿಲ್ಲ. ಓಣಿಯಲ್ಲಿ ಯಾರ ಮನೆಯಲ್ಲಿ ಡಿಶ್ ಇದೆಯೋ ಅವರ ಮನೆಯ ಪಡಸಾಲೆಯಲ್ಲಿ ಹತ್ತು ಜನ. ಎರಡು ಮನೆಯಲ್ಲಿ ಅದೇ ಕಾರ್ಟೂನು ಹಚ್ಚಿದ್ದರೆ ಓಣಿ ತುಂಬ ಅದೇ ಹಾಡು. ಕರೆಂಟ್ ಹೋದರೆ ಎಲ್ಲ ಮನೆಯಿಂದ ಒಂದೇ ಸಲ "ಹೋ" ಅಂತ ಕೂಗು. ಅರ್ಧ ತಾಸಿನ ಕಾರ್ಟೂನಿನಲ್ಲಿ ಹತ್ತು ನಿಮಿಷ ತಪ್ಪಿದರೆ ತಪ್ಪಿತು, ಹಿಂದೆ ಸರಿಸಿ ನೋಡುವ ಮಾತೇ ಇಲ್ಲ. ಆ ಹತ್ತು ನಿಮಿಷದಲ್ಲಿ ಏನಾಯಿತು ಅನ್ನೋದನ್ನು ಇನ್ನೊಂದು ಓಣಿಯವರನ್ನು ಹುಡುಕಿ ಕೇಳಬೇಕು. ಅವರು ಹೇಳುವಾಗ ಎರಡು ಹೊಡೆದಾಟ ಹೆಚ್ಚಿಗೆ ಸೇರಿಸಿಯೇ ಹೇಳುತ್ತಿದ್ದರು.

ಹಬ್ಬ, ರಜೆ ಬಂದರೆ ಚಾನೆಲ್ಲಿನವರು 'ಸ್ಪೆಷಲ್' ಅಂತ ಹಾಕುತ್ತಿದ್ದರು. ಪೋಗೋದಲ್ಲಿ 2008ರಲ್ಲಿ ಶುರುವಾದ ಛೋಟಾ ಭೀಮನ ಹೊಸ ಸಿನಿಮಾ ಬರುತ್ತದೆ ಅಂತ ವಾರಕ್ಕೆ ಮೊದಲೇ ಜಾಹೀರಾತು. ಭೀಮನನ್ನು ಮಾಡಿದ ಗ್ರೀನ್ ಗೋಲ್ಡ್ ಕಂಪನಿ ಇರುವುದು ಹೈದರಾಬಾದಿನಲ್ಲಿ. ನಮಗೆ ಬೆಂಗಳೂರಿಗಿಂತ ಅದೇ ಹತ್ತಿರ. ಆದರೆ ಭೀಮ ನಮ್ಮ ಮನೆಯಲ್ಲಿ ಆಡಿದ್ದು ಹಿಂದಿ. ಒಂದನೇ ಇಯತ್ತೆ ದಾಟುವ ಮೊದಲೇ ನಮಗೆ ಹಿಂದಿ ಬರುತ್ತಿತ್ತು, ಸಾಲಿಯಲ್ಲಿ ಯಾರೂ ಕಲಿಸದಿದ್ದರೂ.

ಕನ್ನಡದ್ದು ಅಂತ ಇದ್ದದ್ದು ಚಿಂಟು ಟಿವಿ. ಸನ್ ಬಳಗದವರು 2009ರಲ್ಲಿ ತೆಗೆದ ಮಕ್ಕಳ ಚಾನೆಲ್. ಅದು ಇದ್ದದ್ದೇ ಒಂದು ಸೋಜಿಗ. ಆಗ ಕನ್ನಡಕ್ಕೆ ಡಬ್ಬಿಂಗ್ ಬೇಡ ಅನ್ನುವ ವಿರೋಧ ಗಟ್ಟಿಯಾಗಿತ್ತು. 2012ರಲ್ಲಿ ಆಮಿರ್ ಖಾನರ 'ಸತ್ಯಮೇವ ಜಯತೆ' ಬೇರೆ ಭಾಷೆಗಳಲ್ಲಿ ಡಬ್ ಆಗಿ ಬಂದರೂ ಕನ್ನಡದಲ್ಲಿ ಬರಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸರಿಯಲ್ಲ ಎಂದು ಆದೇಶ ಮಾಡಿದ ಮೇಲೂ ದೊಡ್ಡವರ ಜಗಳ ಮುಗಿಯಲಿಲ್ಲ. ಆ ಗದ್ದಲದ ನಡುವೆ ಚಿಂಟುವಿನಲ್ಲಿ ಡೋರಾ ಆರಾಮಾಗಿ ಕನ್ನಡ ಮಾತಾಡುತ್ತಿದ್ದಳು. ಮಾತಾಡುತ್ತಿದ್ದದ್ದು ಬೆಂಗಳೂರು ಕಡೆಯ ಕನ್ನಡ. "ಏನ್ ಮಾಡ್ತಿದ್ದೀಯಾ" ಅನ್ನುವವಳು, "ಏನ ಮಾಡಾಕತ್ತಿ" ಅನ್ನುವವಳಲ್ಲ. ಆದರೂ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತ ಕೂತಲ್ಲಿಂದಲೇ ಅರ್ಥ ಮಾಡಿಕೊಂಡು ನಗುತ್ತಿದ್ದಳು. ಹಿಂದಿ ಕಾರ್ಟೂನಿಗೆ ಅವ್ವ ನಕ್ಕದ್ದು ನಮಗೆ ನೆನಪಿಲ್ಲ.

ಈಗ ನಮ್ಮ ತಮ್ಮಂದಿರು, ತಂಗಿಯರು ಮೊಬೈಲ್ ಹಿಡಿದು ಮೂಲೆಯಲ್ಲಿ ಕೂರುತ್ತಾರೆ. ದಿನಕ್ಕೆ ಒಂದೂವರೆ ಜಿಬಿ ಡಾಟಾ ಮುಗಿಯುವ ತನಕ ಒಬ್ಬನದು ಒಂದು, ಇನ್ನೊಬ್ಬಳದು ಇನ್ನೊಂದು. ಕೂತದ್ದು ಒಂದೇ ಚಾಪೆಯ ಮೇಲೆ, ನಗು ಬರುವುದು ಬೇರೆ ಬೇರೆ ಹೊತ್ತಿಗೆ.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಅಮೆರಿಕದಲ್ಲಿ 'ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್' ಅನ್ನುವ ಸುಮಾರು ಅರ್ಧ ತಾಸಿನ ಕಾರ್ಟೂನು 1965ರ ಡಿಸೆಂಬರ್ 9ರಂದು ಸಿಬಿಎಸ್ ಟಿವಿಯಲ್ಲಿ ಬಂತು. ಆಮೇಲೆ ಪ್ರತಿ ವರ್ಷ ಹಬ್ಬದ ಮುಂದೆ ಒಂದು ಸಂಜೆ ಅದು ಬರಬೇಕು, ಇಡೀ ಮನೆ ಕೂರಬೇಕು. ಐವತ್ತು ವರ್ಷಕ್ಕೂ ಮೇಲೆ ಹೀಗೆ ನಡೆಯಿತು. 2020ರಲ್ಲಿ ಅದರ ಹಕ್ಕು ಆಪಲ್ ಟಿವಿ ಪ್ಲಸ್‌ಗೆ ಹೋಯಿತು. ಜನ ಸಿಟ್ಟಾದರು, ಅರ್ಜಿಗೆ ಸಹಿ ಹಾಕಿದರು. ಆ ವರ್ಷವೂ ಮರುವರ್ಷವೂ ಸಾರ್ವಜನಿಕ ಚಾನೆಲ್ ಪಿಬಿಎಸ್‌ನಲ್ಲಿ ತೋರಿಸಿದರು. 2022ರಿಂದ ಅದೂ ಇಲ್ಲ. ಡಿಸೆಂಬರಿನಲ್ಲಿ ಕೆಲವು ದಿನ ಚಂದಾ ಇಲ್ಲದವರಿಗೂ ಆಪ್‌ನಲ್ಲಿ ಬಿಡುತ್ತಾರೆ, ಅಷ್ಟೇ. ಜನ ಸಿಟ್ಟಾಗಿದ್ದು ಯಾಕೆ ಅಂತ ಯೋಚಿಸಿ. ಕಾರ್ಟೂನು ಸತ್ತಿರಲಿಲ್ಲ. ಬೇಕಾದರೆ ಜುಲೈ ತಿಂಗಳಲ್ಲೂ ನೋಡಬಹುದಿತ್ತು. ಹೋದದ್ದು ಆ ಸಂಜೆ.

ನಮ್ಮ ಓದಿನ ಭಾಷೆಯಲ್ಲಿ ಹೇಳುವುದಾದರೆ ಇದು ಬ್ರಾಡ್‌ಕಾಸ್ಟ್ ಮತ್ತು ಯೂನಿಕಾಸ್ಟ್ ನಡುವಿನ ವ್ಯತ್ಯಾಸ. ಟಿವಿ ಟವರಿಗೆ ಯಾರು ನೋಡುತ್ತಿದ್ದಾರೆ ಅನ್ನೋದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಒಂದು ಮನೆ ನೋಡಿದರೂ ಒಂದು ಲಕ್ಷ ಮನೆ ನೋಡಿದರೂ ಸಿಗ್ನಲ್ ಒಂದೇ, ಖರ್ಚೂ ಒಂದೇ. ಸ್ಟ್ರೀಮಿಂಗ್‌ನಲ್ಲಿ ಪ್ರತಿ ಮೊಬೈಲಿಗೂ ಬೇರೆ ಪ್ರತಿ ಹರಿಯಬೇಕು. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ ದಿನ ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ಇದ್ದರು ಅನ್ನೋದು ಸುದ್ದಿಯಾದದ್ದೇ ಅದಕ್ಕೆ. ಯೂನಿಕಾಸ್ಟ್‌ನಲ್ಲಿ ಎಲ್ಲರೂ ಒಟ್ಟಿಗೆ ಬಂದರೆ ಅದು ಸರ್ವರಿಗೆ ಭಾರ. ಬ್ರಾಡ್‌ಕಾಸ್ಟ್‌ನಲ್ಲಿ ಒಟ್ಟಿಗೆ ಬರುವುದಕ್ಕೇ ಅದು ಇರುವುದು.

ಇದನ್ನು ನಮ್ಮ ಜಿಲ್ಲೆ ದೇಶದ ಬಹುಪಾಲು ಊರುಗಳಿಗಿಂತ ಮೊದಲೇ ನೋಡಿತ್ತು ಅನ್ನೋದು ನಮಗೇ ತಡವಾಗಿ ಗೊತ್ತಾಯಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ ಇಸ್ರೋ ಮತ್ತು ನಾಸಾ ಸೇರಿ 'ಸೈಟ್' ಅನ್ನುವ ಪ್ರಯೋಗ ಮಾಡಿದವು. ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ 2,400ರಷ್ಟು ಹಳ್ಳಿಗಳಿಗೆ ನೇರ ಟಿವಿ. ಕರ್ನಾಟಕದಲ್ಲಿ ಆರಿಸಿದ ಜಿಲ್ಲೆಗಳು ಕಲಬುರಗಿ, ರಾಯಚೂರು ಮತ್ತು ನಮ್ಮ ಬಿಜಾಪುರ. ಬೆಂಗಳೂರಿಗೆ ಟಿವಿ ಬರುವ ಮೊದಲೇ ನಮ್ಮ ಕಡೆಯ ಹಳ್ಳಿಗಳಲ್ಲಿ ಜಾಳಿಗೆ ತಂತಿಯ ಛತ್ರಿಯಂಥ ಆಂಟೆನಾ ನಿಂತಿತ್ತು. ಊರಿಗೆಲ್ಲ ಒಂದು ಟಿವಿ. ಮುಂಜಾನೆ ಸಾಲಿ ಹುಡುಗರಿಗೆ ಕಾರ್ಯಕ್ರಮ, ಸಂಜೆ ದೊಡ್ಡವರಿಗೆ. ಆ ವ್ಯವಸ್ಥೆಯಲ್ಲಿ ಒಂದು ಚಿತ್ರದ ಜೊತೆ ಎರಡು ಧ್ವನಿ ಕಳಿಸಲು ಬರುತ್ತಿತ್ತು. ಅಂದರೆ ಒಂದೇ ಚಿತ್ರಕ್ಕೆ ಎರಡು ಭಾಷೆ. ಐವತ್ತು ವರ್ಷದ ಹಿಂದೆ ಎಂಜಿನಿಯರುಗಳು ಹಳ್ಳಿಯ ಹುಡುಗರಿಗೆ ಅವರ ಭಾಷೆ ಮುಟ್ಟಬೇಕು ಅಂತ ಸರ್ಕ್ಯೂಟಿನಲ್ಲೇ ಜಾಗ ಇಟ್ಟಿದ್ದರು.

ಇಷ್ಟು ಹೇಳಿ "ಹಳೆಯದೇ ಚಂದ" ಅಂತ ಮುಗಿಸಲು ಹೊರಟಿದ್ದೆವು. ನಮ್ಮಲ್ಲಿ ಮುದ್ದೇಬಿಹಾಳದಾಕಿ ಬಿಡಲಿಲ್ಲ. "ನಿಮಗೇನ್ರಪಾ, ನೀವು ಕೂತು ನೋಡಿದ್ರಿ. ಸಂಜಿ ಕಾರ್ಟೂನ್ ಬರೋ ಹೊತ್ತಿಗೆ ನಾ ಕಸ ಹೊಡದು, ನೀರು ತುಂಬಿ, ಅವ್ವನ ಕೈಗೆ ಹಿಟ್ಟು ನಾದಿ ಕೊಡಬೇಕಿತ್ತು. ನನ್ನ ತಂಗಿ ಈಗ ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕ ನೋಡ್ತಾಳ, ಮೊದಲಿಂದ ಕಡೀತನಕ. ಅದು ಸುಮ್ನೇನು?" ಅಂದಳು. ಸುಮ್ಮನಲ್ಲ. ಎಲ್ಲರಿಗೂ ಒಂದೇ ಹೊತ್ತು ಅನ್ನುವಾಗ ಆ ಹೊತ್ತು ಯಾರಿಗೆ ಬಿಡುವಿನದು ಅನ್ನೋದೂ ಪ್ರಶ್ನೆಯೇ. ಸಿಂದಗಿಯವನು ಇನ್ನೊಂದು ಸೇರಿಸಿದ: ಡಿಶ್ ಇದ್ದ ಮನೆಯವರು ಬಾಗಿಲು ಹಾಕಿಕೊಂಡರೆ ಓಣಿಯ ಹುಡುಗರು ಕಿಟಕಿಯಲ್ಲಿ ನಿಂತು ನೋಡಬೇಕಿತ್ತು.

ಹಾಗಾದರೆ ಸ್ಟ್ರೀಮಿಂಗ್‌ನಲ್ಲಿ ನಮ್ಮ ಹಬ್ಬಕ್ಕೆ ಏನಿದೆ ಅಂತ ಹುಡುಕಿದೆವು. ಸಿಕ್ಕದ್ದು ಅದೇ ಭೀಮ, ಇನ್ನೂ ಅಂಬೆಗಾಲಿಡುವ ಕೂಸಾಗಿ. ಗ್ರೀನ್ ಗೋಲ್ಡ್‌ನವರೇ ನೆಟ್‌ಫ್ಲಿಕ್ಸ್‌ಗೆ ಮಾಡಿದ 'ಮೈಟಿ ಲಿಟಲ್ ಭೀಮ್' 2019ರಲ್ಲಿ ಬಂತು. ಅದೇ ವರ್ಷ ದೀಪಾವಳಿಯ ಸ್ಪೆಷಲ್, ಮುಂದೆ ಹೋಳಿಯದು, 2021ರಲ್ಲಿ ಗಾಳಿಪಟದ ಹಬ್ಬದ್ದು. ಸಣ್ಣ ಊರು, ಅವ್ವ, ಲಾಡು, ದೀಪ ಎಲ್ಲ ಇದೆ. ಮಾತು ಮಾತ್ರ ಇಲ್ಲ. ಜಗತ್ತಿನಲ್ಲಿ ಎಲ್ಲಿಯ ಕೂಸು ನೋಡಿದರೂ ತಿಳಿಯಲಿ ಅಂತ ಮಾತಿಲ್ಲದೆ ಮಾಡಿದ್ದಾರೆ. ನಮ್ಮ ಹಬ್ಬಕ್ಕೆ ಇಷ್ಟು ಹತ್ತಿರ ಬಂದ ಕಾರ್ಟೂನು ಯಾವ ಭಾಷೆಯನ್ನೂ ಆಡುವುದಿಲ್ಲ. ಹಿಂದಿಯೂ ಅಲ್ಲ, ಕನ್ನಡವೂ ಅಲ್ಲ.

ಕಳೆದ ದೀಪಾವಳಿ ರಜೆಗೆ ನಾವೊಂದು ಪ್ರಯೋಗ ಮಾಡಿದೆವು. ನಾಲ್ಕು ತಾಲೂಕು, ನಾಲ್ಕು ಮನೆ, ಅಮಾವಾಸ್ಯೆಯ ಮರುದಿನ ಸಂಜೆ ಸರಿಯಾಗಿ ಏಳು ಗಂಟೆ. ಎಲ್ಲ ಕಡೆ ಅದೇ ದೀಪಾವಳಿ ಭೀಮ. ಹುಡುಗರನ್ನು ಕರೆಯುವುದಷ್ಟೇ ಅಲ್ಲ, ಏಳು ಅಂದರೆ ಏಳು, ತಡವಾದರೆ ಮೊದಲಿಂದ ಹಾಕುವುದಿಲ್ಲ ಅಂತ ಮೊದಲೇ ಡಂಗುರ. ಮುದ್ದೇಬಿಹಾಳದಾಕಿಯ ಷರತ್ತು ಒಂದಿತ್ತು: ಅಡಿಗೆ ಮನೆಯ ಕೆಲಸ ಏಳರೊಳಗೆ ಮುಗಿಯಬೇಕು, ಹುಡುಗರೂ ಕೈ ಹಚ್ಚಬೇಕು. ನಾಲ್ವರಿಗೂ ಚಂದಾ ಯಾರ ಹತ್ತಿರ ಇದೆ ಅಂತ ಹುಡುಕುವುದಕ್ಕೇ ಎರಡು ದಿನ ಹೋಯಿತು. ಟಿವಿ ಹಚ್ಚಲು ಮೊದಲು ಯಾರ ಅಪ್ಪಣೆಯೂ ಬೇಕಿರಲಿಲ್ಲ ಅನ್ನೋದು ಆಗ ನೆನಪಾಯಿತು.

ಇಂಡಿಯಲ್ಲಿ ಏಳೂ ಐದಕ್ಕೆ ಕರೆಂಟ್ ಹೋಯಿತು, ಹಿಂದೆಯೇ ಮೊಬೈಲ್ ಟವರೂ ಹೋಯಿತು. ಹುಡುಗರು ಎದ್ದು ಹೋಗಲಿಲ್ಲ. ಹಣತೆ ಬೆಳಕಿನಲ್ಲಿ ಕೂತು ಮುಂದೇನಾಯಿತು ಅಂತ ತಾವೇ ಕಥೆ ಕಟ್ಟಿದರು. ಸಿಂದಗಿಯಲ್ಲಿ ಹನ್ನೆರಡು ಜನ ಬಂದವರು ಪಟಾಕಿ ಸದ್ದು ಕೇಳಿ ಹೊರಗೆ ಓಡಿದರು, ಕೊನೆಗೆ ಉಳಿದದ್ದು ಮೂವರು. ಮುದ್ದೇಬಿಹಾಳದಲ್ಲಿ ತಂಗಿ ಅದನ್ನು ಮೊದಲೇ ನಾಲ್ಕು ಸಲ ನೋಡಿದ್ದಳು. ಪ್ರತಿ ದೃಶ್ಯಕ್ಕೂ ಮೊದಲೇ ಹೇಳಿ ಎಲ್ಲರ ಬೈಗುಳ ತಿಂದಳು.

ಬಾಗೇವಾಡಿಯಲ್ಲಿ ಆದದ್ದೇ ಬೇರೆ. ಮಾತಿಲ್ಲದ ಕಾರ್ಟೂನು ಎರಡು ನಿಮಿಷ ಓಡಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಶುರು ಮಾಡಿದ: "ಏ, ಲಾಡು ಕಂಡ್ರ ಇವಂಗ ನಿದ್ದಿನೇ ಹತ್ತಂಗಿಲ್ಲ ನೋಡ್ರಲೇ!" ಮುಂದಿನ ಸಾಲಿನ ಹುಡುಗಿ ಭೀಮನ ಅವ್ವನ ಪಾಲು ವಹಿಸಿಕೊಂಡಳು: "ಬಾ ನನ ಕಂದಾ, ಎಲ್ಲಿ ಹೊಂಟಿ? ಮೊದಲ ಕೈ ತೊಳಕೊ!" ಐದು ನಿಮಿಷದಲ್ಲಿ ಪ್ರತಿ ಪಾತ್ರಕ್ಕೂ ಒಬ್ಬೊಬ್ಬ ಗಂಟಲು ಕೊಟ್ಟಿದ್ದರು. ಬೆಂಗಳೂರು ಕನ್ನಡವಲ್ಲ, ಪುಸ್ತಕದ ಕನ್ನಡವೂ ಅಲ್ಲ, ಅಪ್ಪಟ ನಮ್ಮ ಓಣಿಯದು. ಒಳಗೆ ಹೋಳಿಗೆ ಬೇಯಿಸುತ್ತಿದ್ದ ಅವ್ವ ಬಾಗಿಲಿಗೆ ಬಂದು ನಿಂತು ನಕ್ಕಳು.

ಆ ರಾತ್ರಿ ನಾಲ್ಕೂ ಊರಿನ ಹುಡುಗರಿಗೆ ವಿಡಿಯೊ ಕಾಲ್ ಹಚ್ಚಿ ಕೊಟ್ಟೆವು. ಇಂಡಿಯವರು ತಾವು ಕಟ್ಟಿದ ಕಥೆ ಹೇಳಿದರು, ಬಾಗೇವಾಡಿಯವರು ಹಂಗಲ್ಲ ಅಂದರು, ಜಗಳವಾಯಿತು. ಒಂದೇ ಮೊಬೈಲಿನಲ್ಲಿ ಒಬ್ಬೊಬ್ಬರೇ ನೋಡಿದ್ದರೆ ಆ ಜಗಳಕ್ಕೆ ದಾರಿಯೇ ಇರಲಿಲ್ಲ.

ಅದಕ್ಕೇ ಅನ್ನಿಸುತ್ತದೆ: ಆಪ್ ಬಂತು ಅಂತ ಅಳುವುದರಲ್ಲಿ ಅರ್ಥವಿಲ್ಲ. ಕಾರ್ಟೂನು ಯಾವ ದಾರಿಯಿಂದ ಬಂದರೂ ಬರಲಿ, ಹೊತ್ತು ಗೊತ್ತು ಮಾಡುವ ಕೆಲಸವನ್ನು ಚಾನೆಲ್ ಬಿಟ್ಟುಕೊಟ್ಟಿದೆ. ಅದನ್ನು ಈಗ ಮನೆಯವರು, ಓಣಿಯವರು, ನಮ್ಮಂಥ ರಜೆಗೆ ಬಂದ ಅಣ್ಣ-ಅಕ್ಕಂದಿರು ಎತ್ತಿಕೊಳ್ಳಬೇಕು. ಇಂಟರ್ನೆಟ್ ಇಲ್ಲದೆ ಮೊಬೈಲಿಗೇ ನೇರ ಪ್ರಸಾರ ಮಾಡುವ ತಂತ್ರವನ್ನು ಪ್ರಸಾರ ಭಾರತಿ, ಐಐಟಿ ಕಾನ್ಪುರ, ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಪರೀಕ್ಷೆ ಮಾಡಿ ನೋಡಿವೆ. ಅದು ಹಳ್ಳಿಗೆ ಬಂದರೆ ಚೊಲೊ. ಬರುವ ತನಕ ಗೋಡೆಯ ಗಡಿಯಾರ ಸಾಕು.

ಇನ್ನೊಂದು ಮಾತು, ಕನ್ನಡ ಸಂಘದ ಗೆಳೆಯರಿಗೆ. ದೀಪಾವಳಿಗೆ ಭೀಮ ಇದ್ದಾನೆ. ಕಾರಹುಣ್ಣಿಮೆಗೆ, ಎಳ್ಳ ಅಮಾವಾಸ್ಯೆಗೆ, ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಹುಡುಗರು ಏನು ನೋಡಬೇಕು? ನಾವು ನಾಲ್ವರು ಬ್ಲೆಂಡರ್‌ನಲ್ಲಿ ಎರಡು ಮಣ್ಣಿನ ಎತ್ತು ಮಾಡಿ ಇಟ್ಟಿದ್ದೇವೆ. ಒಂದಕ್ಕೆ ಕೋಡು ಸರಿ ಬಂದಿಲ್ಲ, ನಡೆದರೆ ಕತ್ತೆಯಂತೆ ಕಾಣುತ್ತದೆ. ಮೂರು ನಿಮಿಷದ ಕಾರ್ಟೂನು ಸಾಕು. ಮಾತು ಬರೆಯುವವರು ಬೇಡ, ಅದನ್ನು ಬಾಗೇವಾಡಿಯ ಹುಡುಗರು ನೋಡಿಕೊಳ್ಳುತ್ತಾರೆ. ಎತ್ತನ್ನು ಎತ್ತಿನಂತೆ ನಡೆಸಲು ಬರುವವರು ಇದ್ದರೆ ಶನಿವಾರ ಸಂಜೆ ಏಳಕ್ಕೆ ಹಾಸ್ಟೆಲ್ಲಿನ ಕಾಮನ್ ರೂಮಿಗೆ ಬನ್ನಿ. ಏಳು ಅಂದರೆ ಏಳು.